ಕೇಳಿ ಹೇಳು

ಓಡುವಾಗ ಏನೂ ಇಲ್ಲ. ನಿಂತರೆ ನಡುಕ.
ಸ್ಟರ್ಟ್ ಬೀದಿಯ ಕೆಂಪು ದೀಪದಲ್ಲಿ
ಸೀಟು, ಸ್ಟೀರಿಂಗು, ಬುತ್ತಿಯೊಳಗಿನ ಚಮಚ,
ನನ್ನ ದವಡೆ, ಎಲ್ಲ ಒಟ್ಟಿಗೆ ಗಡಗಡ.
ಮುಳ್ಳು ಐನೂರಕ್ಕೆ ಇಳಿದು, ಒಂಬೈನೂರಕ್ಕೆ ನೆಗೆದು,
ಮತ್ತೆ ಇಳಿದು, ಈಗ ಆರಿಹೋಯಿತು ಅನ್ನುವಷ್ಟರಲ್ಲಿ
ಹಸಿರು.

ಎರಡು ಲಕ್ಷ ತೊಂಬತ್ತು ಸಾವಿರ ಕಿಲೋಮೀಟರು ಸವೆದ ಕ್ಯಾಮ್ರಿ.
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ನನ್ನದು.
ಜುಲೈಯಲ್ಲಿ, ಬೆಳಗಿನ ಆರಕ್ಕೆ, ಬ್ಯಾಲರಾಟಿನಲ್ಲಿ
ಬಸ್ಸು ಕಾಯುವವರ ಕಿವಿ ಕೈಗೆ ಬರುತ್ತದೆ.
ಹಾಗಾಗಿ ಇದನ್ನು ಬಿಡುವಂತಿಲ್ಲ.

ಗ್ಯಾರೇಜಿನವನು ಕಂಪ್ಯೂಟರು ಚುಚ್ಚಿ ನೋಡಿದ.
ಮೂರನೆಯ ಸಿಲಿಂಡರು, ಎಂದ. ನಾಲ್ಕೂ ಪ್ಲಗ್ಗು ಬದಲಾದವು.
ಆಮೇಲೆ ಕಾಯಿಲು. ಆಮೇಲೆ ಬಿಲ್ಲು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ,
ಬರೆಯ ಮೇಲೆ ಜಿಎಸ್‌ಟಿ.
ಮರುದಿನವೇ ಅದೇ ಕೆಂಪು ದೀಪ, ಅದೇ ಚಮಚ.

ಭಾನುವಾರ ಬೇಲಿಯಾಚೆಯ ಬೆವನ್ ಬಂದ,
ರೈಲ್ವೆ ವರ್ಕ್‌ಶಾಪಿನಲ್ಲಿ ನಲವತ್ತು ವರ್ಷ ಕಳೆದವನು.
ಬಾನೆಟ್ಟು ಎತ್ತುವ ಮೊದಲು ಅದರ ಮೇಲೆ ಅಂಗೈ ಇಟ್ಟ,
ಗಬ್ಬದ ದನದ ಹೊಟ್ಟೆ ಮುಟ್ಟಿ ನೋಡುವವರ ಹಾಗೆ.
ಗುಲಾಬಿಗೆ ನೀರು ಬಿಡುವ ಪೈಪನ್ನು ಎರಡು ಮೊಳ ಕತ್ತರಿಸಿ
ನನ್ನ ಕೈಗೆ ಕೊಟ್ಟ. ಒಂದು ತುದಿ ಕಿವಿಗೆ,
ಇನ್ನೊಂದು ಎಂಜಿನ್ನಿನ ಸಂದುಗೊಂದಿಗೆ.
'ನನ್ನ ಕಿವಿ ರೈಲ್ವೆಗೆ ಬರೆದುಕೊಟ್ಟಾಯಿತು, ನೀಲ್.
ನೀನು ಕೇಳು. ಅದು ಏನನ್ನುತ್ತದೆ ಹೇಳು.'

ನೀಲಾಂಬಿಕೆ ನಾನು. ನೀಲ್ ಇಲ್ಲಿ ಗಂಡಸರ ಹೆಸರು.
ಹೋಗಲಿ ಎಂದು ಬಿಟ್ಟಿದ್ದೇನೆ.

ಕೇಳಿದೆ. ಹೇಳುವುದು ಹೇಗೆ?
ಹನ್ನೊಂದು ವರ್ಷದ ನನ್ನ ಇಂಗ್ಲಿಷಿನಲ್ಲಿ
ದಿಂಬಿನ ಚೀಲಗಳಿವೆ, ಕಲೆಗಳ ಹೆಸರುಗಳಿವೆ,
ಕ್ಷಮಿಸಿ ಅನ್ನಲು ಮೂರು ಬಗೆಗಳಿವೆ.
ಸದ್ದುಗಳಿಲ್ಲ.
ಸದ್ದೆಲ್ಲ ಗದುಗಿನಲ್ಲೇ ಉಳಿದಿವೆ,
ಅಪ್ಪನ ಹಿಟ್ಟಿನ ಗಿರಣಿಯ ಪಟ್ಟಾ ಪಕ್ಕ.

'ಇಲ್ಲಿ ಟಕಟಕ,' ಎಂದೆ.
'ಇಂಜೆಕ್ಟರು. ಅದರ ಕಸುಬೇ ಅದು. ಮುಂದೆ.'
'ಇಲ್ಲಿ ಗುಂಯ್.'
'ಆಲ್ಟರ್ನೇಟರು. ಮುಂದೆ.'
ಮ್ಯಾನಿಫೋಲ್ಡಿನ ಬೆನ್ನಿಗೆ, ಕೈ ಹೋಗದ ಕತ್ತಲೆಗೆ
ಪೈಪು ಇಳಿಬಿಟ್ಟೆ.
'ಬುಸ್,' ಎಂದೆ. ತಡೆದೆ. ಅಲ್ಲ,
ಬುಸ್ ಅಂದರೆ ಹೊರಗೆ ಬಿಡುವುದು, ಹಾವು ಬಿಡುತ್ತದಲ್ಲ.
ಇದು ಒಳಗೆ ಎಳೆದುಕೊಳ್ಳುತ್ತಿದೆ.
ನಮ್ಮ ಕಡೆ ಚಹಾವನ್ನು ಬಸಿಗೆ ಸುರುವಿಕೊಂಡು
ಹೀರುತ್ತಾರೆ ನೋಡು, ಹಾಗೆ:
ಸೊರ್ರ್.

ಬೆವನ್ ನನ್ನ ಬಾಯನ್ನೇ ನೋಡುತ್ತಿದ್ದ.
ತುಟಿ ಮುಂದೆ ಚಾಚಿ ತಾನೂ ಒಮ್ಮೆ ಗಾಳಿ ಹೀರಿ ನೋಡಿದ.
ಏನೋ ಅಂದ. ಕಳ್ಳಗಾಳಿ
ಎಂದು ನಾನು ಕನ್ನಡ ಮಾಡಿಕೊಂಡೆ.

ಸೋಪುನೀರು ಚಿಮುಕಿಸಿದ. ಎಂಜಿನ್ನು
ಒಮ್ಮೆ ಕೆಮ್ಮಿ, ತುಸು ನೆಟ್ಟಗಾಗಿ, ಮತ್ತೆ ನಡುಗಿತು.
ಅಲ್ಲೇ. ಹೆಬ್ಬೆರಳು ಗಾತ್ರದ ರಬ್ಬರು ಕೊಳವೆ,
ಮೊಣಕೈಯಾಗಿ ಬಾಗಿದ ಕಡೆ, ಯಾರಿಗೂ ಕಾಣದ ಮಗ್ಗುಲಿಗೆ,
ಹಿಮ್ಮಡಿಯ ಒಡಕಿನಂಥ ಬಿರುಕು.
ಓಡುವಾಗಿನ ದೊಡ್ಡ ಉಸಿರಿನಲ್ಲಿ ಇದು ಲೆಕ್ಕಕ್ಕಿಲ್ಲ.
ನಿಂತಾಗ ಇರುವುದೇ ಚೂರು ಉಸಿರು,
ಅದರಲ್ಲಿ ಇದಕ್ಕೂ ಪಾಲು.

ಹದಿನಾಲ್ಕು ಡಾಲರು. ಜೊತೆಗೆ ಇಬ್ಬರ ಬೆರಳ ಗೆಣ್ಣಿನ ಚರ್ಮ.
ಹೊಸ ಕೊಳವೆ ಕೂತ ಮೇಲೂ ಮುಳ್ಳು ಬಹಳ ಹೊತ್ತು
ಮೇಲೆ ಕೆಳಗೆ ತಡವರಿಸಿತು.
'ಸುಳ್ಳುಗಾಳಿಗೆ ಒಗ್ಗಿಹೋಗಿದೆ. ಕಲಿತದ್ದು ಮರೆಯಲಿ,
ಬಿಡು,' ಎಂದು ಬೆವನ್ ಬಕೆಟ್ಟು ಬೋರಲು ಹಾಕಿ ಕೂತ.
ನಾನೂ ಕೂತೆ. ಬೇಲಿಯ ಮೇಲಿನ ಮಂಜು ಹನಿಯುತ್ತಿತ್ತು.

ಏಳುನೂರು.
ಏಳುನೂರು.
ಬಾನೆಟ್ಟಿನ ಅಂಚಿಗಿಟ್ಟ ಸ್ಪ್ಯಾನರು ಅಲುಗಲಿಲ್ಲ.

'ಈಗ ಏನನ್ನುತ್ತದೆ?'
ಎದ್ದು ಪೈಪು ಕಿವಿಗಿಟ್ಟೆ. ಹುಡುಕಿದೆ.
'ಸುಮ್ಮನೆ,' ಎಂದೆ, ಇನ್ನೇನೂ ಸಿಗದೆ.
'ಸಮ್ ಮನಿ?' ಬೆವನ್ ಕೈ ಕೊಡವಿದ. 'ಛೆ, ದುಡ್ಡು ಯಾರು ಕೇಳಿದರು?
ಚಹಾ ಮಾಡು ಹೋಗು.
ತಟ್ಟೆಯಲ್ಲಿ ಕುಡಿಯೋಣ, ನೀನು ಮಾಡಿ ತೋರಿಸಿದೆಯಲ್ಲ, ಹಾಗೆ.'